ಅಂಕೆಗಳನ್ನು ನೋಡಿ ಮೊಬೈಲ್ ಕೊಳ್ಳುವ ಕಾಲ

ಪದಾರ್ಥವನ್ನು ಕಣ್ಣಾರೆ ಕಂಡು, ಕೈಯಲ್ಲಿ ಹಿಡಿದು, ಅನಂತರ ಹಣ ಕೊಡುವುದು ಹಿಂದಿನಿಂದ ಬಂದ ರೂಢಿ. ಮಡಕೆಯನ್ನು ಬೆರಳಿನಿಂದ ಬಡಿದು ಸದ್ದು ಕೇಳುತ್ತೇವೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಅಲುಗಿಸಿ ನೋಡುತ್ತೇವೆ. ಮೊಬೈಲ್ ದೂರವಾಣಿಯ ವಿಷಯದಲ್ಲಿಯೂ ಕೆಲವು ವರ್ಷಗಳ ಹಿಂದಿನವರೆಗೆ ಇದೇ ಕ್ರಮವಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿಯೋ ತಾಲ್ಲೂಕು ಕೇಂದ್ರದ ಬಸ್ ನಿಲ್ದಾಣದ ಎದುರಿನಲ್ಲಿಯೋ ಅಂಗಡಿ ಹೊಕ್ಕು, ಗಾಜಿನ ಕಪಾಟಿನಿಂದ ನಾಲ್ಕಾರನ್ನು ತೆಗೆಸಿ, ಕ್ಯಾಮೆರಾದಲ್ಲಿ ಅಂಗಡಿಯವನದೇ ಒಂದು ಚಿತ್ರ ಹಿಡಿದು, ಚೌಕಾಸಿ ಮಾಡಿ ಕೊಳ್ಳುತ್ತಿದ್ದೆವು.

ಈ ಕ್ರಮ ಬಹುಬೇಗ ಬದಲಾಯಿತು. 2007ರಲ್ಲಿ ಪುಸ್ತಕ ಮಾರುವುದಕ್ಕೆಂದು ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್, ಸರಕು ಮನೆ ಸೇರಿದ ಮೇಲೆ ಹಣ ಕೊಟ್ಟರೆ ಸಾಕೆಂಬ ಅನುಕೂಲವನ್ನು 2010ರಲ್ಲಿ ಒದಗಿಸಿತು. 2013ರಲ್ಲಿ ಅಮೆಜಾನ್ ನಮ್ಮ ದೇಶದಲ್ಲಿ ಇಂಥದೇ ತಾಣ ತೆರೆಯಿತು. 2014ರ ಫೆಬ್ರವರಿಯಲ್ಲಿ ಮೊಟೊರೋಲಾದ ಮೋಟೋ ಜಿ, ಜುಲೈಯಲ್ಲಿ ಶಿಯೋಮಿಯ ಮಿ 3, ಅಂಗಡಿಯ ಮೆಟ್ಟಿಲನ್ನೇ ಹತ್ತದೆ ಅಂತರಜಾಲದ ಮೂಲಕವೇ ಮಾರಾಟಕ್ಕೆ ಬಂದವು. ಬೀದರಿನವನಿಗೂ ಶಿರಸಿಯವನಿಗೂ ಬೆಂಗಳೂರಿನವನಿಗೂ ಒಂದೇ ಮಾದರಿ ಒಂದೇ ಬೆಲೆಗೆ ಕಾಣುವಂತಾದುದು ಸಣ್ಣ ಲಾಭವೇನಲ್ಲ.

ಇದರೊಡನೆ ಇನ್ನೊಂದು ಬದಲಾವಣೆಯೂ ಆಗಿದೆ. ಮೊಬೈಲನ್ನು ಆರಿಸುವ ಕೆಲಸ ಅನೇಕ ಮನೆಗಳಲ್ಲಿ ಓದುವ ಹುಡುಗ ಹುಡುಗಿಯರ ಪಾಲಿಗೆ ಬಂದಿದೆ. ತಂದೆಯ ಒಂದು ತಿಂಗಳ ದುಡಿಮೆ, ಪಿಯುಸಿ ಓದುವ ಮಗಳ ಬೆರಳಿನ ಒಂದೇ ಒತ್ತಿನಿಂದ ಕೈಬಿಟ್ಟು ಹೋಗುತ್ತದೆ. ಆ ಮಗಳ ಮುಂದೆ ಇರುವುದು ವಸ್ತುವಲ್ಲ, ವಸ್ತುವನ್ನು ಕುರಿತ ಅಂಕೆಗಳು. ಈ ಕಾರಣಕ್ಕೆ ಅಂಗಡಿಗೇ ಮರಳಬೇಕೆನ್ನುವವರುಂಟು. ನಮಗೆ ಅದು ಒಪ್ಪಿಗೆಯಿಲ್ಲ. ಮೊಬೈಲು ತೆಂಗಿನಕಾಯಿಯಲ್ಲ, ಅಲುಗಿಸಿ ನೋಡಿದರೆ ಅದರ ಬ್ಯಾಟರಿಯ ಗುಣ ತಿಳಿಯದು. ಅಂಕೆಯೇ ಬೇಕು, ಆದರೆ ಪ್ರಯೋಗಶಾಲೆಯಲ್ಲಿ ಅಂಕೆಯನ್ನು ಓದುವಂತೆ, ಇದು ಯಾವುದರ ಅಳತೆ ಎಂದು ಕೇಳಿ ಓದಬೇಕು ಎಂಬುದು ನಮ್ಮ ಅಭಿಪ್ರಾಯ.

ಬ್ಯಾಟರಿಯನ್ನೇ ನೋಡೋಣ. 5000 ಮಿಲಿ ಆಂಪಿಯರ್-ಗಂಟೆ ಎಂದು ದಪ್ಪಕ್ಷರದಲ್ಲಿ ಬರೆದಿರುತ್ತದೆ. ಇದು ವಿದ್ಯುದಾವೇಶದ ಅಳತೆಯೇ ಹೊರತು ಶಕ್ತಿಯ ಅಳತೆಯಲ್ಲ. 5 ಆಂಪಿಯರ್-ಗಂಟೆಯನ್ನು ಬ್ಯಾಟರಿಯ ಸುಮಾರು 3.85 ವೋಲ್ಟಿನಿಂದ ಗುಣಿಸಿದರೆ 19 ವಾಟ್-ಗಂಟೆಗಿಂತ ತುಸು ಹೆಚ್ಚು ಶಕ್ತಿ ಎಂದು ಗೊತ್ತಾಗುತ್ತದೆ. ಅದು ಎಷ್ಟು ಹೊತ್ತು ಬಾಳುವುದೆಂಬುದು ಪರದೆಯೂ ಪ್ರೊಸೆಸರೂ ಎಷ್ಟು ವಾಟ್ ನುಂಗುತ್ತವೆಂಬುದನ್ನು ಅವಲಂಬಿಸಿದೆ. ಕೊಡ ದೊಡ್ಡದೆಂದ ಮಾತ್ರಕ್ಕೆ ನೀರು ಹೆಚ್ಚು ಕಾಲ ಉಳಿದೀತೆ? ತೂತು ಎಷ್ಟು ದೊಡ್ಡದೆಂದೂ ಕೇಳಬೇಡವೆ?

ಕ್ಯಾಮೆರಾದ 50 ಮೆಗಾಪಿಕ್ಸೆಲ್ ಎಂದರೆ ಐದು ಕೋಟಿ ಬಿಂದುಗಳು. ಮಸೂರದ ಹಿಂದೆ ಬೆಳಕನ್ನು ಗ್ರಹಿಸುವ ಫಲಕ ಚಿಕ್ಕದಾಗಿದ್ದರೆ ಒಂದೊಂದು ಬಿಂದುವಿಗೆ ದಕ್ಕುವ ಬೆಳಕೂ ಅಲ್ಪವೇ. ಆದುದರಿಂದಲೇ ಅನೇಕ ಮೊಬೈಲುಗಳು ನಾಲ್ಕು ಬಿಂದುಗಳನ್ನು ಒಂದಾಗಿ ಕೂಡಿಸಿ 12.5 ಮೆಗಾಪಿಕ್ಸೆಲಿನ ಚಿತ್ರವನ್ನು ಕೊಡುತ್ತವೆ. ಕೇಳಬೇಕಾದ ಅಂಕೆ ಫಲಕದ ಗಾತ್ರ. ಮಾರುವವನು ದಪ್ಪಕ್ಷರದಲ್ಲಿ ಬರೆಯುವುದು ಬಿಂದುಗಳ ಸಂಖ್ಯೆ.

ಇವೆಲ್ಲಕ್ಕಿಂತ ಹೆಚ್ಚು ಜನರನ್ನು ಸೆಳೆಯುವ ಅಂಕೆ ನಕ್ಷತ್ರಗಳದು. ಒಂದು ಮೊಬೈಲಿಗೆ 12 ಜನರಿಂದ 4.6 ನಕ್ಷತ್ರ, ಇನ್ನೊಂದಕ್ಕೆ 12,000 ಜನರಿಂದ 4.2 ನಕ್ಷತ್ರ ಬಂದಿದೆ ಎನ್ನೋಣ. ಮೊದಲನೆಯದರಲ್ಲಿ ನಾಲ್ಕು ಜನ ಮನಸ್ಸು ಬದಲಿಸಿದರೆ ಸರಾಸರಿಯೇ ತಲೆಕೆಳಗಾದೀತು. ಎರಡನೆಯದು ಅಷ್ಟು ಸುಲಭವಾಗಿ ಅಲುಗದು. ಸರಾಸರಿ ಹಂಚಿಕೆಯನ್ನೂ ಮರೆಮಾಡುತ್ತದೆ. ಹತ್ತು ಜನರೂ 3 ಕೊಟ್ಟರೆ ಸರಾಸರಿ 3; ಐವರು 5, ಐವರು 1 ಕೊಟ್ಟರೂ 3. ಎರಡನೆಯ ಬಗೆಯದರಲ್ಲಿ ತಯಾರಿಕೆಯ ದೋಷವಿರಬಹುದೆಂಬ ಶಂಕೆ ಹುಟ್ಟಬೇಕು. ಕೊಂಡ ವಾರದಲ್ಲಿಯೇ ಬರೆದ ಅಭಿಪ್ರಾಯ ಎರಡನೆಯ ವರ್ಷದ ಬ್ಯಾಟರಿಯನ್ನು ಹೇಗೆ ಬಲ್ಲುದು? ಕೂಲಿಗೆ ಬರೆದ ಹೊಗಳಿಕೆಯ ಮಾತು ಬೇರೆಯೇ. ಗ್ರಾಹಕರ ವಿಮರ್ಶೆಗಳಿಗಾಗಿ ಭಾರತೀಯ ಮಾನಕ ಬ್ಯೂರೋ 2022ರಲ್ಲಿ ಒಂದು ಮಾನದಂಡವನ್ನೇ ಪ್ರಕಟಿಸಬೇಕಾಯಿತು.

ಅವಸರ ಪಡಿಸುವ ತಂತ್ರವೂ ಉಂಟು. ಗಡಿಯಾರ ಹಿಮ್ಮುಖವಾಗಿ ಓಡುತ್ತದೆ. ಎರಡೇ ಉಳಿದಿವೆ ಎಂಬ ಕೆಂಪಕ್ಷರ ಮಿನುಗುತ್ತದೆ. 2023ರ ನವೆಂಬರಿನಲ್ಲಿ ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ ಹೆಸರಿಸಿದ ಹದಿಮೂರು ವಂಚನೆಯ ಬಗೆಗಳಲ್ಲಿ ಸುಳ್ಳು ಅವಸರವೂ ಒಂದು. ಅಂಥ ಗಡಿಯಾರ ಕಂಡೊಡನೆ ಪುಟವನ್ನು ಮುಚ್ಚಿ ಮರುದಿನ ತೆರೆದು ನೋಡುವುದು ಲೇಸು.

ಪೆಟ್ಟಿಗೆ ಮನೆಗೆ ಬಂದ ಮೇಲೂ ಒಂದು ಸಂಖ್ಯೆಯನ್ನು ಓದುವುದು ಉಳಿದಿರುತ್ತದೆ. ಮೊಬೈಲಿನಲ್ಲಿ *#06# ಒತ್ತಿದರೆ 15 ಅಂಕೆಗಳ ಐ.ಎಂ.ಇ.ಐ. ಸಂಖ್ಯೆ ಕಾಣುತ್ತದೆ, ಎರಡು ಸಿಮ್ ಇದ್ದರೆ ಎರಡು ಸಂಖ್ಯೆಗಳು. ಪೆಟ್ಟಿಗೆಯ ಮೇಲಿನ ಸಂಖ್ಯೆಯೂ ಇದೇ ಆಗಿರಬೇಕು. ಕೊನೆಯ ಅಂಕೆ ತಾಳೆ ನೋಡುವುದಕ್ಕಾಗಿಯೇ ಇರುವುದು. ಎಡದಿಂದ 2, 4, 6 ಹೀಗೆ ಸಮಸ್ಥಾನಗಳ ಅಂಕೆಗಳನ್ನು ಇಮ್ಮಡಿಸಿ, ಎರಡಂಕಿ ಬಂದಲ್ಲಿ ಅವೆರಡನ್ನು ಕೂಡಿಸಿ, ಉಳಿದ ಅಂಕೆಗಳೊಡನೆ ಸೇರಿಸಿದರೆ ಮೊತ್ತವನ್ನು ಹತ್ತು ನಿಶ್ಶೇಷವಾಗಿ ಭಾಗಿಸಬೇಕು. ಐಬಿಎಂ ಸಂಸ್ಥೆಯ ಹಾನ್ಸ್ ಪೀಟರ್ ಲೂನ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಉಪಾಯವಿದು. ಇದು ಬರೆವಣಿಗೆಯ ತಪ್ಪನ್ನು ಹಿಡಿಯುವುದೇ ಹೊರತು ಕಳವಿನ ಮಾಲನ್ನಲ್ಲ. ಅದಕ್ಕೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ಸಂಖ್ಯೆಯನ್ನು ಕೊಟ್ಟು ವಿಚಾರಿಸಬಹುದು. ಇಷ್ಟನ್ನೂ ಹಿಂದಿರುಗಿಸುವ ಅವಧಿಯೊಳಗೆ ಮಾಡತಕ್ಕದ್ದು. ಹಿಂದಿರುಗಿಸುವ ಷರತ್ತುಗಳನ್ನು ಕೊಳ್ಳುವವನಿಗೆ ಮೊದಲೇ ತಿಳಿಸಬೇಕೆಂದು 2020ರ ಇ-ವಾಣಿಜ್ಯ ನಿಯಮಗಳು ವಿಧಿಸಿವೆ.