ಹಿಸ್ಟರಿ ಪಾಠಕ್ಕೆ ಎರಡು ಬ್ಯಾಚ್ ಬೇಕೇ?



ಅಬು ಹಮೂರ್‌ನಲ್ಲಿ ಮನೆ ಮಾಡಿರುವವರಿಗೆ ಗೊತ್ತು, ಇಲ್ಲಿ ಬೆಳಗಾಗುವುದೇ ಸ್ಕೂಲ್ ಬಸ್ಸುಗಳ ಸದ್ದಿನಿಂದ. ಭಾರತೀಯ ಶಾಲೆಗಳು ಹತ್ತಿರ ಇವೆ ಎಂಬ ಒಂದೇ ಕಾರಣಕ್ಕೆ ನಮ್ಮಲ್ಲಿ ಎಷ್ಟೋ ಕುಟುಂಬಗಳು ಈ ಕಡೆ ಬಂದು ನೆಲೆಸಿವೆ. ಊರಿನ ಹೈಸ್ಕೂಲಿನಲ್ಲಿ ಹಲವು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟ ಅಭ್ಯಾಸ ನನ್ನನ್ನು ಇನ್ನೂ ಬಿಟ್ಟಿಲ್ಲ. ಹಾಗಾಗಿ ಎರಡು ವರ್ಷದಿಂದ ಶುಕ್ರವಾರ ಸಂಜೆ ನಮ್ಮ ಮನೆಯ ಹಾಲಿನಲ್ಲಿ ಪರಿಚಯದವರ ಮಕ್ಕಳನ್ನು ಕೂರಿಸಿಕೊಂಡು ಇತಿಹಾಸ ಮಾತಾಡುತ್ತೇನೆ. ಫೀಸೂ ಇಲ್ಲ, ಬೋರ್ಡೂ ಇಲ್ಲ. ಎಂಟರಿಂದ ಹತ್ತನೇ ತರಗತಿಯವರೆಗಿನ ಹನ್ನೊಂದು ಮಕ್ಕಳು, ಒಂದು ಬಿಳಿ ಹಲಗೆ, ನಡುವೆ ಒಂದು ತಟ್ಟೆ ಚಕ್ಕುಲಿ. ಇಷ್ಟೇ ನಮ್ಮ ಪಾಠಶಾಲೆ.

ಈಗ ಪೋಷಕರಿಂದ ಒಂದು ಸಲಹೆ ಬಂದಿದೆ. "ಮೇಡಂ, ಮಕ್ಕಳನ್ನು ಎರಡು ಬ್ಯಾಚ್ ಮಾಡೋಣ. ಚುರುಕಾಗಿರುವವರು ಒಂದು ಕಡೆ, ಸ್ವಲ್ಪ ಹಿಂದೆ ಇರುವವರು ಇನ್ನೊಂದು ಕಡೆ. ಹಿಂದಿರುವವರಿಗೆ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಕೊಟ್ಟುಬಿಡಿ, ಪಾಸಾದರೆ ಸಾಕು." ಹೇಳಿದವರು ನನ್ನ ಸ್ನೇಹಿತರೇ, ಅವರ ಕಾಳಜಿಯಲ್ಲಿ ನನಗೆ ಅನುಮಾನವಿಲ್ಲ. ಆದರೂ ನಾನು ಇದನ್ನು ಒಪ್ಪುವುದಿಲ್ಲ. ಏಕೆಂದು ಇಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದು ನಮ್ಮ ಹಾಲಿನ ಹನ್ನೊಂದು ಮಕ್ಕಳ ವಿಷಯ ಮಾತ್ರವಲ್ಲ. ಮಸ್ಕತ್, ದುಬೈ, ಬಹರೈನ್‌ನಲ್ಲಿರುವ ನಿಮ್ಮ ಮನೆಯ ಊಟದ ಮೇಜಿನಲ್ಲೂ ಇದೇ ಮಾತು ನಡೆಯುತ್ತಿರಬಹುದು.

ಮೊದಲು ಈ ಮಕ್ಕಳು ಎಂಥವರು ಅಂತ ನೋಡಿ. ಒಬ್ಬಳು ದಪ್ಪ ದಪ್ಪ ಇಂಗ್ಲಿಷ್ ಕಾದಂಬರಿ ಓದಿ ಮುಗಿಸುತ್ತಾಳೆ. ಒಬ್ಬ ಕಳೆದ ವರ್ಷದವರೆಗೆ ಊರಿನ ಕನ್ನಡ ಮಾಧ್ಯಮ ಶಾಲೆಯಲ್ಲಿದ್ದ. ಅವನಿಗೆ ವಿಷಯ ಗೊತ್ತು, ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕೈ ಓಡುವುದಿಲ್ಲ. ಇನ್ನೊಬ್ಬನಿಗೆ ಅಕ್ಷರ ಓದುವುದೇ ನಿಧಾನ. ಮತ್ತೊಬ್ಬಳು ಬಾಯಿಪಾಠದಲ್ಲಿ ಗಟ್ಟಿ, "ಏಕೆ" ಎಂದು ಕೇಳಿದರೆ ಮೌನ. ಇವರಲ್ಲಿ ಯಾರು ಚುರುಕು, ಯಾರು ಹಿಂದೆ? ಮಾರ್ಕ್ಸ್ ಕಾರ್ಡ್ ನೋಡಿ ಗೆರೆ ಎಳೆದರೆ ನಾವು ಅಳೆಯುತ್ತಿರುವುದು ಬಹುಪಾಲು ಇಂಗ್ಲಿಷ್ ಬರೆಯುವ ವೇಗವನ್ನು. ಇಂಗ್ಲಿಷ್ ತಡವರಿಸಿದರೆ ಮಗು ದಡ್ಡ ಎಂದುಕೊಳ್ಳುವ ಅಭ್ಯಾಸ ನಮ್ಮಲ್ಲಿ ಬೇರೂರಿಬಿಟ್ಟಿದೆ. ಹದಿನಾಲ್ಕರ ವಯಸ್ಸಿನಲ್ಲಿ ಒಂದು ಸಲ "ಹಿಂದಿನ ಬ್ಯಾಚ್" ಎಂಬ ಹೆಸರು ಬಿದ್ದರೆ ಮಗು ಅದನ್ನೇ ನಂಬಿಬಿಡುತ್ತದೆ. ಆಮೇಲೆ ಅದನ್ನು ಅಳಿಸುವುದು ಸುಲಭವಲ್ಲ ಸ್ವಾಮಿ!

ಹಾಗಾದರೆ ಎಲ್ಲರನ್ನೂ ಒಟ್ಟಿಗೆ ಕೂರಿಸಿ ಪುಸ್ತಕ ಓದಿಸಿದರೆ ಆಯಿತೇ? ಅದೂ ಇಲ್ಲ. ಹಾಗೆ ಮಾಡಿದರೆ ಓದುವವಳು ಹತ್ತು ನಿಮಿಷದಲ್ಲಿ ಮುಗಿಸಿ ಆಕಳಿಸುತ್ತಾಳೆ, ಓದಲಾರದವನು ಕಿಟಕಿ ನೋಡುತ್ತಾನೆ. ನಾನು ನಂಬಿರುವ ದಾರಿ ಇದು: ಪಾಠಕ್ಕೆ ಒಂದು ಒಳ್ಳೆಯ ಪ್ರಶ್ನೆ ಇರಬೇಕು, ಆ ಪ್ರಶ್ನೆ ಎಲ್ಲರಿಗೂ ಒಂದೇ ಆಗಿರಬೇಕು. ಉತ್ತರದ ಕಡೆಗೆ ಹೋಗಲು ಕೊಡುವ ಆಸರೆ ಮಾತ್ರ ಮಗುವಿಗೆ ತಕ್ಕಂತೆ ಬೇರೆ ಬೇರೆ. ಬೆಟ್ಟ ಒಂದೇ, ಹತ್ತುವ ಮೆಟ್ಟಿಲು ಬೇರೆ.

ಮಾತಿನಲ್ಲಿ ಹೇಳಿದರೆ ಉಪದೇಶವಾಗುತ್ತದೆ, ಆದ್ದರಿಂದ ಮಾಡಿದ ಒಂದು ಪಾಠವನ್ನೇ ಮುಂದಿಡುತ್ತೇನೆ. ಪ್ರಶ್ನೆ: "ಕತಾರ್‌ನಲ್ಲಿ ಒಂದು ಕಾಲಕ್ಕೆ ಭಾರತದ ರೂಪಾಯಿ ಏಕೆ ಚಲಾವಣೆಯಲ್ಲಿತ್ತು, ಏಕೆ ನಿಂತಿತು?"

ನಮ್ಮಲ್ಲಿ ಅನೇಕರಿಗೆ ಇದು ಗೊತ್ತಿರಲಿಕ್ಕಿಲ್ಲ. ಮುತ್ತಿನ ಕಾಲದಿಂದಲೂ ಈ ಕರಾವಳಿಯ ವ್ಯಾಪಾರಕ್ಕೆ ಮುಂಬೈ ದೊಡ್ಡ ಮಾರುಕಟ್ಟೆ. 1947ರವರೆಗೆ ಬ್ರಿಟಿಷರು ಕೊಲ್ಲಿಯ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದದ್ದೂ ಭಾರತ ಸರ್ಕಾರದ ಮೂಲಕವೇ. ಹಾಗಾಗಿ ಇಲ್ಲಿ ರೂಪಾಯಿಯೇ ದುಡ್ಡು. ಸ್ವಾತಂತ್ರ್ಯದ ನಂತರ ಚಿನ್ನದ ಕಳ್ಳಸಾಗಣೆಯಿಂದ ಭಾರತದ ವಿದೇಶಿ ವಿನಿಮಯ ಸೋರಿಹೋಗತೊಡಗಿತು. 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ ನೋಟುಗಳು ಬಂದವು. ರಿಸರ್ವ್ ಬ್ಯಾಂಕಿನ ಈ ನೋಟುಗಳನ್ನು ಗಲ್ಫ್ ರುಪಿ ಎನ್ನುತ್ತಿದ್ದರು, ಅವುಗಳ ಸಂಖ್ಯೆಯ ಮುಂದೆ ಝಡ್ ಅಕ್ಷರ. 1966ರ ಮಾರ್ಚ್‌ನಲ್ಲಿ ಕತಾರ್ ಮತ್ತು ದುಬೈ ತಮ್ಮದೇ ಹಣ ತರಲು ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಜೂನ್ 6ರಂದು ಭಾರತ ರೂಪಾಯಿಯನ್ನು ಅಪಮೌಲ್ಯಗೊಳಿಸಿತು. ಡಾಲರಿಗೆ 4.76 ಇದ್ದದ್ದು 7.50 ಆಯಿತು. ಆ ವರ್ಷವೇ ಕತಾರ್–ದುಬೈ ರಿಯಾಲ್ ಬಂತು. 1971ರ ಸೆಪ್ಟೆಂಬರ್ 3ರಂದು ಕತಾರ್ ಸ್ವತಂತ್ರವಾಯಿತು, 1973ರಲ್ಲಿ ಕತಾರಿ ರಿಯಾಲ್ ಬಂತು.

ಈಗ ಪಾಠ ಹೇಗೆ ನಡೆಯಿತು ಎಂದು ಹೇಳುತ್ತೇನೆ. ಮೊದಲ ಐದು ನಿಮಿಷ ಆ ಹಳೆಯ ನೋಟಿನ ಚಿತ್ರವನ್ನು ಮಾತ್ರ ತೋರಿಸಿದೆ. ಏನು ಕಾಣುತ್ತದೆ, ಏನು ಅನ್ನಿಸುತ್ತದೆ, ಏನು ಕೇಳಬೇಕು ಎಂದು ಮೂರು ಸಾಲು ಬರೆಯಬೇಕು. ಇದಕ್ಕೆ ಓದಿನ ವೇಗ ಬೇಕಿಲ್ಲ, ಕಣ್ಣಿದ್ದರೆ ಸಾಕು, ಹನ್ನೊಂದು ಮಕ್ಕಳೂ ಒಳಗೆ ಬಂದರು. ಆಮೇಲೆ ಎಂಟು ಚೀಟಿ, ಒಂದೊಂದರಲ್ಲಿ ಒಂದೊಂದು ಘಟನೆ. ಮೂವರು, ನಾಲ್ವರ ಗುಂಪಿನಲ್ಲಿ ಅವನ್ನು ಕಾಲಕ್ರಮದಲ್ಲಿ ಜೋಡಿಸಿ, ಯಾವುದು ಯಾವುದಕ್ಕೆ ಕಾರಣ ಎಂದು ಬಾಣ ಎಳೆಯಬೇಕು. ಕನ್ನಡದಲ್ಲಿ ಜಗಳ ಆಡಿ, ಹಿಂದಿಯಲ್ಲಿ ಆಡಿ, ಬರೆಯುವಾಗ ಮಾತ್ರ ಇಂಗ್ಲಿಷ್ ಎಂದು ಹೇಳಿದ್ದೆ.

ಓದುವುದಕ್ಕೆ ಕೊಟ್ಟ ಹಾಳೆ ಮೂರು ಬಗೆ. ಒಂದರಲ್ಲಿ ಐದಾರು ಸಣ್ಣ ವಾಕ್ಯ, ಕಷ್ಟದ ಪದಗಳಿಗೆ ಪಕ್ಕದಲ್ಲೇ ಅರ್ಥ. ಎರಡನೆಯದು ಅರ್ಧ ಪುಟ. ಮೂರನೆಯದು ಹಳೆಯ ಸರ್ಕಾರಿ ಕಡತದ ಒಂದು ಪುಟ. 2014ರಲ್ಲಿ ಶುರುವಾದ ಕತಾರ್ ಡಿಜಿಟಲ್ ಲೈಬ್ರರಿಯಲ್ಲಿ ಇಂಥ ಕಡತಗಳು ರಾಶಿ ರಾಶಿ ಇವೆ, ಮನೆಯಲ್ಲೇ ಕೂತು ಉಚಿತವಾಗಿ ನೋಡಬಹುದು. ಯಾವ ಹಾಳೆ ಯಾರಿಗೆ ಎಂದು ನಾನು ಗೆರೆ ಎಳೆಯುವುದಿಲ್ಲ. ಮೂರನ್ನೂ ಮೇಜಿನ ಮೇಲಿಡುತ್ತೇನೆ, ಒಂದರಿಂದ ಶುರು ಮಾಡಿ ಮೇಲಿನದಕ್ಕೆ ಹೋಗಬಹುದು. ಬರೆಯಲು ಕಷ್ಟಪಡುವವರಿಗೆ ವಾಕ್ಯದ ಆರಂಭವನ್ನು ಕೊಡುತ್ತೇನೆ: "ಮೊದಲ ಕಾರಣ...", "ಇದರಿಂದ...", "ಆದರೆ...". ಬೇಗ ಮುಗಿಸಿದವರಿಗೆ ಇನ್ನಷ್ಟು ಪ್ರಶ್ನೆಗಳ ರಾಶಿ ಸುರಿಯುವುದಿಲ್ಲ. ಕಾರಣಗಳಲ್ಲಿ ಯಾವುದು ದೊಡ್ಡದು ಎಂದು ಕ್ರಮವಾಗಿ ಇಟ್ಟು, ನಿನ್ನ ಉತ್ತರವನ್ನು ನೀನೇ ಖಂಡಿಸು ಎನ್ನುತ್ತೇನೆ. ಅದು ನಿಜವಾಗಿ ಕಷ್ಟದ ಕೆಲಸ.

ಆ ದಿನ ಏನಾಯಿತು ಗೊತ್ತೇ? ಓದಿನಲ್ಲಿ ಮುಂದಿರುವ ಹುಡುಗಿ ಎಲ್ಲರಿಗಿಂತ ಮೊದಲು ಮುಗಿಸಿ, "ಅಪಮೌಲ್ಯ ಆಯಿತು, ಅದಕ್ಕೇ ಕತಾರ್ ರೂಪಾಯಿ ಬಿಟ್ಟಿತು" ಎಂದಳು. ಎಲ್ಲರೂ ತಲೆ ಆಡಿಸಿದರು. ಓದುವುದು ನಿಧಾನ ಎಂದೆನಲ್ಲ, ಆ ಹುಡುಗ ಚೀಟಿಗಳನ್ನೇ ನೋಡುತ್ತಾ ಕೂತಿದ್ದವನು ಮೆಲ್ಲಗೆ, "ಆಂಟೀ, ಒಪ್ಪಂದ ಮಾರ್ಚ್‌ನಲ್ಲಿ. ಅಪಮೌಲ್ಯ ಜೂನ್‌ನಲ್ಲಿ. ಮುಂದೆ ಆಗುವುದು ಹಿಂದೆ ಆದದ್ದಕ್ಕೆ ಹೇಗೆ ಕಾರಣ ಆಗುತ್ತೆ?" ಎಂದ. ಮುಂದಿನ ಇಪ್ಪತ್ತು ನಿಮಿಷ ನಾನು ಮಾತಾಡಬೇಕಾಗಿಯೇ ಬರಲಿಲ್ಲ. ತಮ್ಮದೇ ಹಣ ಬೇಕೆಂಬ ತೀರ್ಮಾನ ಮೊದಲೇ ಆಗಿತ್ತು, ಅಪಮೌಲ್ಯ ಅದನ್ನು ಅವಸರಪಡಿಸಿತು ಎಂಬಲ್ಲಿಗೆ ಮಕ್ಕಳೇ ಬಂದು ನಿಂತರು. ಆ ಹುಡುಗಿ ತನ್ನ ಉತ್ತರವನ್ನು ಹೊಡೆದುಹಾಕಿ ಮತ್ತೆ ಬರೆದಳು, ಮೊದಲಿಗಿಂತ ಬಹಳ ಚೆನ್ನಾಗಿ.

ಎರಡು ಬ್ಯಾಚ್ ಮಾಡಿದ್ದರೆ ಈ ಹುಡುಗ ಒಂದು ಕೋಣೆಯಲ್ಲಿ ಇಂಪಾರ್ಟೆಂಟ್ ಕ್ವೆಶ್ಚನ್ಸ್ ಉರುಹೊಡೆಯುತ್ತಿದ್ದ. ಆ ಹುಡುಗಿ ಇನ್ನೊಂದು ಕೋಣೆಯಲ್ಲಿ ಅರ್ಧ ಸರಿಯಾದ ಉತ್ತರಕ್ಕೆ ಶಭಾಷ್‌ಗಿರಿ ಪಡೆಯುತ್ತಿದ್ದಳು. ನಷ್ಟ ಇಬ್ಬರಿಗೂ.

ಆಕ್ಷೇಪಣೆಗಳಿಗೂ ಉತ್ತರ ಹೇಳಬೇಕು. "ನಮ್ಮ ಮಗಳು ಬೇರೆಯವರಿಗೆ ಪಾಠ ಹೇಳಿಕೊಡುವುದರಲ್ಲೇ ಸಮಯ ಕಳೆಯುತ್ತಾಳೆ" ಎಂದು ಒಬ್ಬ ತಾಯಿ ಹೇಳಿದರು. ಈ ಮಾತು ನ್ಯಾಯವಾದದ್ದು. ಓದುವ ಮಗುವನ್ನು ಸಂಬಳವಿಲ್ಲದ ಟೀಚರ್ ಮಾಡಬಾರದು. ಅವಳಿಗೆ ಅವಳ ಮಟ್ಟದ ಕಷ್ಟ ಸಿಗಲೇಬೇಕು, ಮೂರನೆಯ ಹಾಳೆ ಇರುವುದು ಅದಕ್ಕೇ. ಇನ್ನು ಓದಲು ನಿಜವಾಗಿ ಕಷ್ಟಪಡುವ ಮಗುವಿಗೆ ಪ್ರತ್ಯೇಕ ಸಹಾಯ ಬೇಡವೇ? ಖಂಡಿತ ಬೇಕು. ಪಾಠಕ್ಕೆ ಇಪ್ಪತ್ತು ನಿಮಿಷ ಮೊದಲು ಅವನನ್ನು ಕರೆಸಿ, ಆ ದಿನದ ಹತ್ತು ಪದಗಳನ್ನು ಓದಿಸುತ್ತೇನೆ. ಆಮೇಲೆ ಅವನು ಎಲ್ಲರ ಜೊತೆಯಲ್ಲೇ ಕೂರುತ್ತಾನೆ. ಸಹಾಯ ಬೇರೆ ಇರಲಿ, ಪಾಠ ಬೇರೆ ಬೇಡ.

"ಪೋರ್ಷನ್ ಮುಗಿಯಬೇಕಲ್ಲ, ಬೋರ್ಡ್ ಪರೀಕ್ಷೆಗೆ ಇದರಿಂದ ಏನು ಉಪಯೋಗ?" ಎಂಬುದು ಇನ್ನೊಂದು ಪ್ರಶ್ನೆ. ಸಿಬಿಎಸ್‌ಇ ಪರೀಕ್ಷೆಯಲ್ಲಿ ಒಂದು ಆಕರ ಕೊಟ್ಟು, ಅದನ್ನು ಓದಿ ಉತ್ತರಿಸಿ ಎಂದು ಕೇಳುವ ಪ್ರಶ್ನೆಗಳೂ ಬರುತ್ತವೆ. ಗೈಡ್ ಬಾಯಿಪಾಠ ಮಾಡಿದವರು ಅಲ್ಲೇ ಎಡವುವುದು. ಎಲ್ಲ ಪಾಠವನ್ನೂ ಹೀಗೆ ಮಾಡಲು ಸಮಯವಿಲ್ಲ ಎಂಬುದು ನಿಜ, ಒಂದು ಪಾಠದ ತಯಾರಿಗೆ ನನಗೇ ಎರಡು ಗಂಟೆ ಹಿಡಿಯುತ್ತದೆ. ಆದರೆ ಅಧ್ಯಾಯಕ್ಕೆ ಒಂದಾದರೂ ಇಂಥ ಪಾಠ ಸಾಧ್ಯ. ಉಳಿದದ್ದನ್ನು ಮಕ್ಕಳು ಅದೇ ಕಣ್ಣಿನಿಂದ ಓದಲು ಕಲಿಯುತ್ತಾರೆ.

ನಮ್ಮ ನಾಡಿನ ವಿಷಯಕ್ಕೂ ಇದೇ ಕ್ರಮ ಒಗ್ಗುತ್ತದೆ. ಹಂಪಿಯ ಹಜಾರರಾಮ ದೇವಾಲಯದ ಹೊರಗೋಡೆಯ ಮೇಲೆ ಸಾಲು ಸಾಲು ಕುದುರೆಗಳಿವೆ. "ವಿಜಯನಗರಕ್ಕೆ ಕುದುರೆಗಳು ಎಲ್ಲಿಂದ ಬಂದವು?" ಎಂದು ಕೇಳಿ ನೋಡಿ. ಉತ್ತರ ನಾವು ಈಗ ಕೂತಿರುವ ಕಡಲಿಗೇ ಬಂದು ನಿಲ್ಲುತ್ತದೆ. ಅರಬ್ ಮತ್ತು ಪರ್ಶಿಯನ್ ಕುದುರೆಗಳು ಹೋರ್ಮುಜ್‌ನಿಂದ ಹಡಗು ಹತ್ತಿ ಭಟ್ಕಳ, ಗೋವೆಯಂಥ ಬಂದರುಗಳಲ್ಲಿ ಇಳಿಯುತ್ತಿದ್ದವು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಅಬ್ದುರ್ ರಜಾಕ್ ಕೂಡ ಹೋರ್ಮುಜ್‌ನಿಂದಲೇ ಹಡಗು ಹತ್ತಿದವನು. ದಂಡಿಯಾತ್ರೆಯ ಪಾಠ ಬಂದಾಗ ಹಾವೇರಿ ಕಡೆಯ ಮೈಲಾರ ಮಹಾದೇವಪ್ಪ ಗಾಂಧೀಜಿಯವರ ಜೊತೆ ನಡೆದದ್ದನ್ನು ಹೇಳಿ. 1930ರ ಏಪ್ರಿಲ್‌ನಲ್ಲಿ ಅಂಕೋಲೆಯಲ್ಲೂ ಉಪ್ಪಿನ ಕಾನೂನು ಮುರಿದರು ಎಂದು ಹೇಳಿ. ಪುಸ್ತಕದಲ್ಲಿ ಎಲ್ಲೋ ದೂರದಲ್ಲಿದ್ದ ಚರಿತ್ರೆ ಅಜ್ಜಿ ಮನೆಯ ಹಿತ್ತಿಲಿಗೆ ಬಂದ ಹಾಗಾಗುತ್ತದೆ.

ಪೋಷಕರಲ್ಲಿ ನನ್ನ ಕೋರಿಕೆ ಮೂರೇ. ಒಂದು, ಮಗು ಶಾಲೆಯಿಂದ ಬಂದಾಗ "ಎಷ್ಟು ಮಾರ್ಕ್ಸ್?" ಎನ್ನುವುದರ ಜೊತೆಗೆ "ಇವತ್ತು ಏನು ಪ್ರಶ್ನೆ ಕೇಳಿದೆ?" ಎಂದೂ ವಿಚಾರಿಸಿ. ಎರಡು, ಪಾಠವನ್ನು ಮನೆಯಲ್ಲಿ ಕನ್ನಡದಲ್ಲಿ ಮಾತಾಡಿಸಿ. ಕನ್ನಡದಲ್ಲಿ ಸ್ಪಷ್ಟವಾಗಿ ಯೋಚಿಸಿದ್ದನ್ನು ಇಂಗ್ಲಿಷಿಗೆ ತರುವುದು ಕಷ್ಟವಲ್ಲ, ಅರ್ಥವಾಗದ್ದನ್ನು ಯಾವ ಭಾಷೆಯಲ್ಲೂ ಬರೆಯಲಾಗದು. ಮೂರು, ರಜೆಯಲ್ಲಿ ಮಾಲ್ ಸುತ್ತುವ ಒಂದು ಶನಿವಾರವನ್ನು ಇದಕ್ಕೆ ಬಿಡಿ. 2019ರಲ್ಲಿ ತೆರೆದ ನ್ಯಾಷನಲ್ ಮ್ಯೂಸಿಯಂ ಇದೆ. ಮುಶೈರಿಬ್‌ನ ಹಳೆಯ ಮನೆಗಳ ಮ್ಯೂಸಿಯಂಗಳಲ್ಲಿ ಕಂಪನಿ ಹೌಸ್ ಎಂಬುದು ತೈಲ ಕಂಪನಿಯ ಮೊದಲ ಕೆಲಸಗಾರರ ಕಥೆ ಹೇಳುತ್ತದೆ. ಉತ್ತರಕ್ಕೆ ಹೋದರೆ ಅಲ್ ಜುಬಾರಾ ಸಿಗುತ್ತದೆ, 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿದ ಮುತ್ತಿನ ವ್ಯಾಪಾರದ ಊರು. ಎಲ್ಲವನ್ನೂ ತೋರಿಸುವ ಹಟ ಬೇಡ. ಒಂದೇ ಒಂದು ಪ್ರಶ್ನೆ ಹಿಡಿದು ಹೋಗಿ.

ಓದಿನಲ್ಲಿ ಹಿಂದೆ ಎನಿಸಿಕೊಂಡ ಮಗುವಿಗೆ ಇನ್ನೊಂದು ಕೆಲಸವನ್ನೂ ಕೊಡಬಹುದು. ನಮ್ಮಲ್ಲಿ ಹತ್ತಾರು ವರ್ಷದ ಹಿಂದೆ ಬಂದ ಹಿರಿಯರಿದ್ದಾರೆ. ಹೇಗೆ ಬಂದಿರಿ, ಮೊದಲ ಸಂಬಳದಲ್ಲಿ ಊರಿಗೆ ಏನು ಕಳಿಸಿದಿರಿ, ಕಾಗದ ತಲುಪಲು ಎಷ್ಟು ದಿನ ಹಿಡಿಯುತ್ತಿತ್ತು ಎಂದು ಕೇಳಿ ರೆಕಾರ್ಡ್ ಮಾಡಿಕೊಂಡು ಬರಲಿ. ಪುಸ್ತಕ ಓದಲು ತಡವರಿಸುವ ಎಷ್ಟೋ ಮಕ್ಕಳು ಜನರನ್ನು ಮಾತಾಡಿಸುವುದರಲ್ಲಿ ಬಲು ಜಾಣರು. ಅದೂ ಇತಿಹಾಸಕಾರನ ಕೆಲಸವೇ.

ಮುಂದಿನ ತಿಂಗಳು ನಾವು ಅಬು ಹಮೂರ್‌ನ ಪೋಷಕರೆಲ್ಲ ಸೇರಿ ಬ್ಯಾಚ್ ವಿಷಯ ತೀರ್ಮಾನಿಸಲಿದ್ದೇವೆ. ನನ್ನ ಮತ ಏನೆಂದು ಹೇಳಿಯಾಯಿತು. ಬೇರೆ ಅಭಿಪ್ರಾಯ ಇರುವವರು ದಯವಿಟ್ಟು ಬರೆಯಿರಿ, ಅಥವಾ ಒಂದು ಶುಕ್ರವಾರ ಬಂದು ಮಕ್ಕಳ ಮಧ್ಯೆ ಕೂತು ನೋಡಿ, ಆಮೇಲೆ ಜಗಳ ಆಡೋಣ. ನಿಮ್ಮ ಮನೆಯಲ್ಲಿ ಹಳೆಯ ಪಾಸ್‌ಪೋರ್ಟು, ಕಾಗದ, ಗಲ್ಫ್ ರುಪಿ ನೋಟು ಏನಾದರೂ ಇದ್ದರೆ ಅದರ ಒಂದು ಫೋಟೋ ಕಳಿಸಿ. ನಮ್ಮ ಮುಂದಿನ ಪಾಠ ಅದರಿಂದಲೇ ಶುರುವಾಗಲಿ.


ಅಬು ಹಮೂರ್‌ನಿಂದ ನಿಮ್ಮ ಒಬ್ಬ ಟೀಚರ್