ಬಲಕ್ಕಿಂತ ಹಿಡಿತ ಮೇಲು

ನಮ್ಮ ತಳೇಗಾಂವ ದಾಭಾಡೆಯಲ್ಲಿ ಜನರಲ್ ಮೋಟರ್ಸ್‌ನವರ ಕಾರ್ಖಾನೆ 2008ರಿಂದ 2020ರವರೆಗೆ ನಡೆಯಿತು. ಷೆವರ್ಲೆ ಬೀಟ್‌ನಂಥ ಪುಟ್ಟ ಕಾರುಗಳನ್ನು ಮಾಡಿತು. ಅದೇ ಕಂಪನಿ ಅಮೆರಿಕದಲ್ಲಿ ಮಾಡಿದ ಕ್ಯಾಮರೋ ಎಸ್‌ಎಸ್ ಮದ್ದಾನೆಯೇ ಸರಿ: 455 ಅಶ್ವಶಕ್ತಿ, ಒಂದೂವರೆ ಟನ್ನಿಗೂ ಮಿಕ್ಕ ತೂಕ.

ಅಲ್ಲಿನ ಹವ್ಯಾಸಿಗಳು ಇದನ್ನು ಆಟೋಕ್ರಾಸ್ ಪಂದ್ಯಕ್ಕೆ ಅಣಿಗೊಳಿಸುವುದುಂಟು. ಬಯಲಿನಲ್ಲಿ ಶಂಕುಗಳನ್ನು ನಿಲ್ಲಿಸಿ, ಒಂದೊಂದೇ ಕಾರು ಅವುಗಳ ನಡುವೆ ನುಸುಳಿ ಗಡಿಯಾರದೊಡನೆ ಸೆಣಸುವ ಆಟವದು. ಒಂದು ಶಂಕು ಉರುಳಿದರೆ 2 ಸೆಕೆಂಡು ದಂಡ! ಆದುದರಿಂದ ಬಲ್ಲವರು ಮೊದಲು ಎಂಜಿನ್ನಿಗೆ ಕೈ ಹಾಕರು. ನೆಲ ಕಚ್ಚುವ ಟೈರು, ಬಿಗಿಯಾದ ಶಾಕ್ ಅಬ್ಸಾರ್ಬರು, ಕಾರು ಪಕ್ಕಕ್ಕೆ ವಾಲದಂತೆ ತಡೆಯುವ ಕಂಬಿ, ಒಳ್ಳೆಯ ಬ್ರೇಕು: ಹಣವೆಲ್ಲ ಇವಕ್ಕೇ.

ಮೊದಲ ಸಂಬಳದಲ್ಲಿ ವೇಗ ಕೊಳ್ಳಹೊರಟ ನಮ್ಮ ಹುಡುಗರಿಗೆ ನಾವು ಹೇಳುವುದಿಷ್ಟೆ: ಮೊದಲು ಟೈರು, ಬ್ರೇಕು ನೋಡಿಕೊಳ್ಳಿರಪ್ಪ, ಪಂದ್ಯವನ್ನು ಬಯಲಿಗೇ ಬಿಡಿ. ಅಲ್ಲಿ ಉರುಳುವುದು ಶಂಕು. ಪುಣೆ-ಮುಂಬಯಿ ರಸ್ತೆಯಲ್ಲಿ ಉರುಳುವವರು ಮನುಷ್ಯರು.