ಮಗಳನ್ನು ತೂಗುವ ಮುನ್ನ ನಾಲಿಗೆಯನ್ನು ತೂಗೋಣ

ಹೆಣ್ಣು ನೋಡಲು ಬಂದವರು ಚಹಾ ಕುಡಿದು, ತಿಂಡಿ ತಿಂದು, ನಗುನಗುತ್ತಲೇ ಹೊರಡುತ್ತಾರೆ. ಎರಡು ದಿನಗಳ ಬಳಿಕ ಮಧ್ಯವರ್ತಿಯ ಫೋನು ಬರುತ್ತದೆ: 'ಹುಡುಗಿ ಒಳ್ಳೆಯವಳೇ, ಮನೆತನವೂ ಒಳ್ಳೆಯದೇ. ಆದರೆ ಸ್ವಲ್ಪ ದಪ್ಪವಾಯಿತಂತೆ.' ಅಷ್ಟೇ. ಆಕೆ ಪಡೆದ ಶಿಕ್ಷಣ, ಆಕೆಯ ಸ್ವಭಾವ, ಮನೆಯ ಹಿರಿಯರನ್ನು ಆಕೆ ಆರೈಕೆ ಮಾಡಿದ ರೀತಿ, ಎಲ್ಲವೂ ಈ 'ಸ್ವಲ್ಪ ದಪ್ಪ'ದ ಮುಂದೆ ಶೂನ್ಯವಾಗಿ ಬಿಡುತ್ತವೆ. ಬಾಗಿಲ ಮರೆಯಲ್ಲಿ ನಿಂತು ಈ ಮಾತನ್ನು ಕೇಳಿಸಿಕೊಂಡ ಹುಡುಗಿ ಅಂದು ರಾತ್ರಿ ಊಟ ಮಾಡುವುದಿಲ್ಲ. ಮರುದಿನ ಸ್ವತಃ ತಾಯಿಯೇ ಗದರುತ್ತಾಳೆ: 'ಅನ್ನ ಕಡಿಮೆ ಮಾಡು ಅಂತ ನಿನಗೆ ಎಷ್ಟು ಸಲ ಹೇಳಿದ್ದೆ?'

ಈ ದೃಶ್ಯ ನಮ್ಮ ಊರುಗಳ ಯಾವ ಬೀದಿಗೆ ಅಪರಿಚಿತ? ಬಂದವರ ಮಾತು ಆಕೆಯನ್ನು ಒಮ್ಮೆ ಇರಿಯಿತು. ಮನೆಯವರ ಮಾತು ಪ್ರತಿದಿನ ಇರಿಯುತ್ತದೆ. ಹಾಗಿದ್ದೂ ನಾವು ಅದನ್ನು ಕ್ರೌರ್ಯವೆಂದು ಪರಿಗಣಿಸುವುದಿಲ್ಲ. ಅದಕ್ಕೆ ನಾವಿಟ್ಟಿರುವ ಹೆಸರು ಕಾಳಜಿ!

ಬೊಜ್ಜು ಒಂದು ಸಮಸ್ಯೆಯೇ ಅಲ್ಲ ಎಂದು ವಾದಿಸುವುದು ನಮ್ಮ ಉದ್ದೇಶವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ 15ರಿಂದ 49 ವರ್ಷದೊಳಗಿನ ಮಹಿಳೆಯರಲ್ಲಿ ಶೇ. 24 ಮಂದಿ ಅಧಿಕ ತೂಕ ಅಥವಾ ಬೊಜ್ಜನ್ನು ಹೊಂದಿದ್ದಾರೆ. ನಗರಗಳಲ್ಲಿ ಈ ಪ್ರಮಾಣ ಶೇ. 33. ಕರ್ನಾಟಕದಲ್ಲಿ ಮಹಿಳೆಯರು ಮತ್ತು ಪುರುಷರಿಬ್ಬರಲ್ಲೂ ಇದು ಶೇ. 30ನ್ನು ದಾಟಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಅಧ್ಯಯನವೊಂದು 2023ರಲ್ಲಿ ಪ್ರಕಟಿಸಿದಂತೆ, ದೇಶದ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ರಕ್ತದೊತ್ತಡ, ಹೃದ್ರೋಗ, ಮಂಡಿನೋವುಗಳೊಂದಿಗೆ ದೇಹದ ತೂಕಕ್ಕಿರುವ ನಂಟು ಸಾಬೀತಾದ ಸತ್ಯ. ಇದನ್ನು ನಿರಾಕರಿಸುವವರು ಸಮುದಾಯದ ಹಿತೈಷಿಗಳಲ್ಲ.

ಆದರೆ ನಮ್ಮ ಪ್ರಶ್ನೆ ಬೇರೆ. ಬೊಜ್ಜು ಆರೋಗ್ಯದ ಸಮಸ್ಯೆಯಾದರೆ ಅದಕ್ಕೆ ಅಪಹಾಸ್ಯ ಯಾವ ರೀತಿಯಲ್ಲಿ ಔಷಧಿಯಾಗುತ್ತದೆ? ಕ್ಷಯ ಪೀಡಿತನನ್ನು ಕಂಡು ನಾವು ನಗುವುದಿಲ್ಲ. ಮಧುಮೇಹಿಗೆ ಅಡ್ಡಹೆಸರಿಡುವುದಿಲ್ಲ. ಆದರೆ 'ಡುಮ್ಮಿ', 'ಡ್ರಮ್ಮು', 'ಆನೆಮರಿ' ಎಂದು ಕರೆಯಲು ನಮಗೆ ಯಾವ ಸಂಕೋಚವೂ ಇಲ್ಲ. ಮದುವೆ ಮನೆಯಲ್ಲಿ ನಾಲ್ಕು ಮಂದಿಯ ಮುಂದೆ ಸೋದರತ್ತೆ ಕೇಳುವ ಮೊದಲ ಪ್ರಶ್ನೆ, 'ಇದೇನೇ, ಇಷ್ಟು ದಪ್ಪಗಾಗಿದ್ದೀಯಾ?' ಶಾಲೆಯಲ್ಲಿ ಗಂಡು ಮಕ್ಕಳೂ ಇದಕ್ಕೆ ಹೊರತಲ್ಲ. ಸಿನಿಮಾಗಳಂತೂ ದಪ್ಪ ದೇಹದವರನ್ನು ನಗಿಸುವುದಕ್ಕಾಗಿಯೇ ಮೀಸಲಿಟ್ಟಿವೆ.

ಈ ನಗುವಿನ ಫಲಿತಾಂಶವೇನು? ಇಂಗ್ಲೆಂಡಿನ ಸುಮಾರು ಮೂರು ಸಾವಿರ ವಯಸ್ಕರನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕಾಗಿ ತಾರತಮ್ಯವನ್ನು ಅನುಭವಿಸಿದವರ ತೂಕ ಆ ಅವಧಿಯಲ್ಲಿ ಸರಾಸರಿ ಸುಮಾರು ಒಂದು ಕಿಲೋ ಹೆಚ್ಚಿತ್ತು. ಅಂತಹ ಅನುಭವವಿಲ್ಲದವರ ತೂಕ ಮುಕ್ಕಾಲು ಕಿಲೋದಷ್ಟು ಇಳಿದಿತ್ತು. 2010ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದಾಗ ಕಂಡದ್ದು ಇನ್ನೂ ಗಂಭೀರ: ಬೊಜ್ಜುಳ್ಳವರು ಮುಂದೆ ಖಿನ್ನತೆಗೆ ಒಳಗಾಗುವ ಸಾಧ್ಯತೆ ಶೇ. 55ರಷ್ಟು ಅಧಿಕ, ಖಿನ್ನತೆಯಿಂದ ಬಳಲುವವರು ಮುಂದೆ ಬೊಜ್ಜಿಗೆ ಒಳಗಾಗುವ ಸಾಧ್ಯತೆ ಶೇ. 58ರಷ್ಟು ಅಧಿಕ. ಅಂದರೆ ಇದೊಂದು ಚಕ್ರ. ನೊಂದ ಮನಸ್ಸು ಏಕಾಂತದಲ್ಲಿ ತಿಂಡಿಯ ಡಬ್ಬಿಯನ್ನು ಆಶ್ರಯಿಸುತ್ತದೆ. ದಪ್ಪಗಾದ ದೇಹವನ್ನು ಜನರು ಮತ್ತೆ ನೋಯಿಸುತ್ತಾರೆ. ನಗುವ ಭಯದಿಂದ ಆಕೆ ವಾಕಿಂಗಿಗೂ ಹೋಗುವುದಿಲ್ಲ, ಬೈಯುವ ಭಯದಿಂದ ವೈದ್ಯರ ಬಳಿಗೂ ಹೋಗುವುದಿಲ್ಲ. ಈ ಚಕ್ರವನ್ನು ತಿರುಗಿಸುತ್ತಿರುವುದು ಯಾರ ನಾಲಿಗೆ?

'ಬಾಯಿ ಕಟ್ಟಿದರೆ ಎಲ್ಲವೂ ಸರಿಯಾಗುತ್ತದೆ' ಎಂಬುದು ನಮ್ಮ ದೊಡ್ಡ ಸಮರ್ಥನೆ. ಇದು ಅರ್ಧ ಸತ್ಯವೂ ಅಲ್ಲ. ಡೆನ್ಮಾರ್ಕಿನಲ್ಲಿ ದತ್ತು ಹೋದ 540 ಮಂದಿಯನ್ನು ಅಧ್ಯಯನ ನಡೆಸಿದ ಸಂಶೋಧಕರು 1986ರಲ್ಲಿ ಹೇಳಿದ್ದೇನೆಂದರೆ, ಅವರ ದೇಹದ ಗಾತ್ರ ಸಾಕಿದ ತಂದೆ-ತಾಯಿಯನ್ನಲ್ಲ, ಹೆತ್ತವರನ್ನು ಹೋಲುತ್ತಿತ್ತು ಎಂದು. ಥೈರಾಯ್ಡ್ ಗ್ರಂಥಿ ಮಂದವಾದರೆ ತೂಕ ಏರುತ್ತದೆ. ಅಂಡಾಶಯದ ಪಿ.ಸಿ.ಓ.ಎಸ್. ಸಮಸ್ಯೆ ಇರುವವರಲ್ಲಿ ತೂಕ ಸುಲಭವಾಗಿ ಏರುತ್ತದೆ, ಕಷ್ಟಪಟ್ಟು ಇಳಿಯುತ್ತದೆ. ಮಾನಸಿಕ ಕಾಯಿಲೆಯ ಕೆಲವು ಔಷಧಗಳಿಗೂ ಇದೇ ಅಡ್ಡಪರಿಣಾಮವಿದೆ. ಇವೆಲ್ಲವನ್ನೂ ನಾವು 'ತಿಂಡಿಪೋತಿ' ಎಂಬ ಒಂದೇ ಪದದಲ್ಲಿ ಮುಗಿಸಿ ಬಿಡುತ್ತೇವೆ.

ಈಗ ಹೇಳಲೇಬೇಕಾದ ಮಾತಿಗೆ ಬರೋಣ. ಆ ಹುಡುಗಿ ಹನ್ನೆರಡರ ತನಕ ಬೀದಿಯಲ್ಲಿ ಓಡುತ್ತಿದ್ದಳು, ಸೈಕಲ್ ತುಳಿಯುತ್ತಿದ್ದಳು, ಕುಂಟಾಬಿಲ್ಲೆ ಆಡುತ್ತಿದ್ದಳು. ಒಂದು ದಿನ, 'ನೀನಿನ್ನು ದೊಡ್ಡವಳು' ಎಂದೆವು. ಸೈಕಲನ್ನು ತಮ್ಮನಿಗೆ ಕೊಟ್ಟೆವು. ಬಾಗಿಲು ಮುಚ್ಚಿದೆವು. ಅಂದಿನಿಂದ ಆಕೆಯ ಜಗತ್ತು ಅಡುಗೆಕೋಣೆಯಿಂದ ಟಿ.ವಿ.ಯ ತನಕ, ಮೊಬೈಲಿನಿಂದ ಮಂಚದ ತನಕ. ಮನೆಯವರೆಲ್ಲ ಉಂಡ ಬಳಿಕ ಆಕೆಯೂ ಆಕೆಯ ತಾಯಿಯೂ ಉಣ್ಣಬೇಕು. ಪಾತ್ರೆಯಲ್ಲಿ ಉಳಿದದ್ದು ವ್ಯರ್ಥವಾಗಬಾರದೆಂದು ಅದನ್ನೂ ಮುಗಿಸಬೇಕು. ಹತ್ತು ವರ್ಷಗಳ ಬಳಿಕ ತಕ್ಕಡಿಯ ಮೇಲೆ ನಿಲ್ಲಿಸಿ, 'ಇದೇನು ನಿನ್ನ ಅವಸ್ಥೆ?' ಎಂದು ಕೇಳುತ್ತೇವೆ. ಬಾಗಿಲು ಮುಚ್ಚಿದವರೂ ನಾವೇ, ತೂಗುವವರೂ ನಾವೇ, ತೀರ್ಪು ನೀಡುವವರೂ ನಾವೇ! 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ. 57 ಮಂದಿ ಮತ್ತು ಪುರುಷರಲ್ಲಿ ಶೇ. 42 ಮಂದಿ ಅಗತ್ಯವಿರುವಷ್ಟು ದೈಹಿಕ ಚಟುವಟಿಕೆ ಹೊಂದಿರಲಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಅಂದಾಜು 2024ರಲ್ಲಿ ಹೇಳಿತು. ಈ ಅಂತರ ಕೇವಲ ಸೋಮಾರಿತನದ ಅಂತರವೇ?

ಅಷ್ಟಕ್ಕೂ ನಮ್ಮ ಕಣ್ಣಿನ ತಕ್ಕಡಿ ಎಷ್ಟು ನಂಬಲರ್ಹ? 2004ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಚಿತ್ರವನ್ನು ಪ್ರಕಟಿಸಿದರು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಬ್ರಿಟನ್ನಿನ ಜಾನ್ ಯುಡ್ಕಿನ್. ತೂಕ ಮತ್ತು ಎತ್ತರವನ್ನು ಲೆಕ್ಕ ಹಾಕಿ ಪಡೆಯುವ ಬಿ.ಎಂ.ಐ. ಸೂಚ್ಯಂಕ ಇಬ್ಬರಲ್ಲೂ 22.3. ಆದರೆ ಯುಡ್ಕಿನ್‌ರ ದೇಹದ ಕೊಬ್ಬು ಶೇ. 9.1, ಯಾಜ್ಞಿಕ್‌ರದು ಶೇ. 21.2. ತೆಳ್ಳಗೆ ಕಾಣುವ ಭಾರತೀಯನೊಳಗೂ ಕೊಬ್ಬು ಅಡಗಿರಬಹುದೆಂಬುದನ್ನು ಇದು ಕಣ್ಣಿಗೆ ಕಟ್ಟುವಂತೆ ತೋರಿಸಿತು. 2025ರ ಜನವರಿಯಲ್ಲಿ ಇದೇ ಪತ್ರಿಕಾ ಬಳಗದ ತಜ್ಞರ ಆಯೋಗವೂ ಬಿ.ಎಂ.ಐ. ಒಂದನ್ನೇ ನೋಡಿ ಯಾರನ್ನೂ ರೋಗಿಯೆಂದು ನಿರ್ಧರಿಸಬಾರದೆಂದು ಹೇಳಿತು. ತಜ್ಞರೇ ಇಷ್ಟು ಎಚ್ಚರಿಕೆಯಿಂದ ಮಾತಾಡುವಾಗ, ಚಹಾದ ಲೋಟ ಹಿಡಿದು ಕುಳಿತ ವರನ ಕಡೆಯವರು ಒಂದೇ ನೋಟದಲ್ಲಿ ತೀರ್ಪು ನೀಡಿ ಎದ್ದು ಹೋಗುತ್ತಾರೆ. ಸೊಂಟದ ಸುತ್ತಳತೆ ಮೀರಿದ, ಕೂತಲ್ಲಿಂದ ಏಳಲು ಏದುಸಿರು ಬಿಡುವ ವರನ ಮೈಯನ್ನು ಮಾತ್ರ ಯಾರೂ ಅಳೆಯುವುದಿಲ್ಲ. ಅವನ ಹೊಟ್ಟೆ ಸುಖಸಂಸಾರದ ಲಕ್ಷಣ, ಆಕೆಯ ಹೊಟ್ಟೆ ಕುಟುಂಬದ ಅವಮಾನ! ಕೊನೆಗೆ, 'ದಪ್ಪ ಇದ್ದರೂ ಪರವಾಗಿಲ್ಲ' ಎನ್ನುವ ಔದಾರ್ಯಕ್ಕೆ ಚಿನ್ನದ ರೂಪದಲ್ಲಿ ಬೆಲೆ ಕಟ್ಟಲಾಗುತ್ತದೆ.

ಇದು ಆರೋಗ್ಯದ ಕಾಳಜಿಯೇ ಅಲ್ಲ ಎಂಬುದಕ್ಕೆ ಪಶ್ಚಿಮ ಆಫ್ರಿಕಾದ ಮಾರಿಟಾನಿಯ ದೇಶ ಸಾಕ್ಷಿ ಹೇಳುತ್ತದೆ. ಅಲ್ಲಿ ದಪ್ಪಗಿರುವುದೇ ಹೆಣ್ಣಿನ ಸೌಂದರ್ಯ ಮತ್ತು ಮನೆತನದ ಅಂತಸ್ತು ಎಂಬ ಹಳೆಯ ನಂಬಿಕೆಯಿದೆ. ಅದಕ್ಕಾಗಿ ಎಳೆಯ ಹುಡುಗಿಯರಿಗೆ ಒಂಟೆ ಮತ್ತು ದನದ ಹಾಲನ್ನು ಪಾತ್ರೆಗಟ್ಟಲೆ ಬಲವಂತವಾಗಿ ಕುಡಿಸುವ 'ಲೆಬ್ಲೂಹ್' ಎಂಬ ಪದ್ಧತಿ ಬೆಳೆದು ಬಂದಿತು. ಅಲ್ಲಿ ತಿನ್ನಿಸಿ ಹಿಂಸೆ, ಇಲ್ಲಿ ಉಪವಾಸ ಕೆಡವಿ ಹಿಂಸೆ. ಎರಡೂ ಕಡೆ ಮದುವೆಯ ಮಾರುಕಟ್ಟೆ ಕೇಳಿದ ಅಳತೆಗೆ ಹೆಣ್ಣಿನ ದೇಹವನ್ನು ಕತ್ತರಿಸಲಾಗುತ್ತಿದೆ. ಇದರಲ್ಲಿ ಆರೋಗ್ಯ ಎಲ್ಲಿದೆ?

ಈ ಮಾರುಕಟ್ಟೆಯ ಕೈಗೆ ಮಗಳನ್ನು ಒಪ್ಪಿಸಿದರೆ ಏನಾಗಬಹುದು? 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ 21 ವರ್ಷದ ಕಿರುತೆರೆ ನಟಿಯೊಬ್ಬಳು ಕೊಬ್ಬು ತೆಗೆಯುವ ಶಸ್ತ್ರಚಿಕಿತ್ಸೆಗೆ ಒಳಗಾಗಿ ಮೃತಪಟ್ಟಳು. ಆಕೆ ರೋಗಿಯಾಗಿರಲಿಲ್ಲ. ಪರದೆಯ ಅಳತೆಗೆ ಹೊಂದಿಕೊಳ್ಳಲು ಹೊರಟ ಯುವತಿಯಾಗಿದ್ದಳು. ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕ ಇಳಿಕೆಯ ಔಷಧಗಳು 2025ರಲ್ಲಿ ಭಾರತದಲ್ಲೂ ಮಾರಾಟಕ್ಕೆ ಬಂದವು. ವೈದ್ಯರ ನಿಗಾದಲ್ಲಿ ಅಗತ್ಯವುಳ್ಳ ರೋಗಿಗಳಿಗೆ ಅವು ವರವೇ ಇರಬಹುದು. ಆದರೆ ನಿಶ್ಚಿತಾರ್ಥದ ದಿನಾಂಕವನ್ನು ಮುಂದಿಟ್ಟುಕೊಂಡು, ಹೆಸರಿಲ್ಲದ ಪುಡಿ, ಮಾತ್ರೆ, ಕಷಾಯಗಳನ್ನು ಮಗಳ ಹೊಟ್ಟೆಗಿಳಿಸುವುದು ಅಪಾಯದೊಂದಿಗಿನ ಆಟ.

ಹಾಗಾದರೆ ನಾವೇನು ಮಾಡಬೇಕು? ಮೊದಲನೆಯದಾಗಿ, ಬಾಗಿಲು ತೆರೆಯೋಣ. ಬೆಳಗ್ಗೆ ಮಗನನ್ನು ಮೈದಾನಕ್ಕೆ ಕಳುಹಿಸುವಾಗ ಮಗಳಿಗೂ ತಾಯಿಗೂ ಅರ್ಧ ತಾಸಿನ ನಡಿಗೆಯ ಅವಕಾಶವಿರಲಿ. ಎರಡನೆಯದಾಗಿ, ಊಟದ ಬದಲಾವಣೆ ಇಡೀ ಮನೆಗೆ ಅನ್ವಯವಾಗಲಿ. ಗಂಡಸರಿಗೆ ತುಪ್ಪದ ಬಿರಿಯಾನಿ, ಮಗಳಿಗೆ ಮಾತ್ರ ಸೌತೆಕಾಯಿ ಎಂಬುದು ಪಥ್ಯವಲ್ಲ, ಶಿಕ್ಷೆ. ಎಣ್ಣೆ, ಸಕ್ಕರೆ, ಬಾಟಲಿಯ ತಂಪು ಪಾನೀಯಗಳು ಕಡಿಮೆಯಾಗುವುದಾದರೆ ಎಲ್ಲರ ತಟ್ಟೆಯಿಂದಲೂ ಲೋಟದಿಂದಲೂ ಕಡಿಮೆಯಾಗಲಿ. ಮೂರನೆಯದಾಗಿ, ಕಾರಣ ತಿಳಿಯದೆ ತೂಕ ಏರಿದರೆ ಆಕೆಯನ್ನು ಬೈಯುವ ಬದಲು ವೈದ್ಯರ ಬಳಿಗೆ ಕರೆದೊಯ್ಯೋಣ. ನಾಲ್ಕನೆಯದಾಗಿ, ನಮ್ಮ ಬಡಾವಣೆಗಳಲ್ಲಿ ನಡೆಯಲು ಕಾಲುದಾರಿಯೇ ಇಲ್ಲ, ಮಹಿಳೆಯರು ನಿರ್ಭಯವಾಗಿ ಕಾಲಿಡಬಹುದಾದ ಉದ್ಯಾನವಿಲ್ಲ. ಓಟು ಕೇಳಲು ಬರುವ ಪುರಸಭಾ ಅಭ್ಯರ್ಥಿಯಲ್ಲಿ ಚರಂಡಿಯ ಬಗ್ಗೆ ಕೇಳುವ ನಾವು ಇದನ್ನೂ ಕೇಳೋಣ.

ಎಲ್ಲಕ್ಕಿಂತ ಮಿಗಿಲಾಗಿ, ಹೆಣ್ಣು ನೋಡಲು ಹೊರಡುವ ಪ್ರತಿಯೊಂದು ಕುಟುಂಬವೂ ಒಂದು ಕ್ಷಣ ತಮ್ಮದೇ ಮಗಳನ್ನು ನೆನಪಿಸಿಕೊಳ್ಳಲಿ. ನಾಳೆ ಆಕೆಯೂ ಯಾರದೋ ಮುಂದೆ ಚಹಾದ ತಟ್ಟೆ ಹಿಡಿದು ನಿಲ್ಲಬೇಕಾಗಬಹುದು. ದೇಹದ ಕೊಬ್ಬನ್ನು ಕರಗಿಸಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷಗಳೇ ಬೇಕು. ನಾಲಿಗೆಯನ್ನು ತಡೆಹಿಡಿಯಲು ಒಂದು ಕ್ಷಣ ಸಾಕು. ಆ ಒಂದು ಕ್ಷಣದ ಶ್ರಮಕ್ಕೂ ನಾವು ಸಿದ್ಧರಿಲ್ಲವಾದರೆ, ಮಗಳ ಸೋಮಾರಿತನದ ಬಗ್ಗೆ ಮಾತಾಡುವ ಯಾವ ಹಕ್ಕು ನಮಗಿದೆ?